ಶಲ್ಯದ ಕೆಳಗೆ ಮುಗಿದ ಬಂದೂಕಿನ ವ್ಯಾಪಾರ

ಆ ಬಂದೂಕಿಗೆ ನಾನು ಕೊಟ್ಟದ್ದು ಈದು ನಿಂತಿದ್ದ ಒಂದು ಎಮ್ಮೆ. ಎರಡನೆಯ ಸೂಲಿನದು. ಅದರ ಕೆಚ್ಚಲು ನೋಡಲು ಹಾದಿಯಲ್ಲಿ ಹೋಗುವವರೂ ನಿಲ್ಲುತ್ತಿದ್ದರು. ಕರುವನ್ನೂ ಜೊತೆಗೇ ಕೊಟ್ಟೆ, ಏಕೆಂದರೆ ಕರು ಇಲ್ಲದೆ ಎಮ್ಮೆ ಹಾಲು ಇಳಿಸುವುದಿಲ್ಲ ಎಂದು ಬಂದೂಕಿನವನು ಹಟ ಹಿಡಿದ. ಇದು ಎದುರಿಗೆ ಕಂಡ ಬೆಲೆ. ಮನೆಯಲ್ಲಿ ಮಜ್ಜಿಗೆ ನಿಂತದ್ದು, ಹೆಂಡತಿ ನನ್ನೊಡನೆ ಮಾತು ನಿಲ್ಲಿಸಿ ಬೆಕ್ಕಿನ ಜೊತೆ ಮಾತಾಡತೊಡಗಿದ್ದು, ಅದೆಲ್ಲ ಮೇಲಿನ ಖರ್ಚು.

ಕೊಟ್ಟದ್ದೇಕೆಂದರೆ ಹೆದರಿಕೆಯಿಂದ. ಆಗ ನಮ್ಮ ಬಸವಕಲ್ಯಾಣವನ್ನು ಎಲ್ಲರೂ ಕಲ್ಯಾಣಿ ಎಂದೇ ಕರೆಯುತ್ತಿದ್ದರು, ಮತ್ತು ನಿಜಾಮನ ರಾಜ್ಯ ಇನ್ನೂ ಮುಗಿದಿರಲಿಲ್ಲ. ಹತ್ತಿರದ ಗೋರ್ಟಾ ಹಳ್ಳಿಯಲ್ಲಿ ನಿಜಾಮನ ಕಡೆಯ ರಜಾಕಾರರು ಮಾಡಿದ ಕೊಲೆಗಳ ಸುದ್ದಿ ಹೇಳಲು ಬಂದ ಮನುಷ್ಯ ನಮ್ಮ ಕಟ್ಟೆಯ ಮೇಲೆ ಕೂತು ಒಂದು ತಂಬಿಗೆ ನೀರು ಕುಡಿದು, ಏನೂ ಹೇಳದೆ ಎದ್ದು ಹೋದ. ಹೇಳಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲವೇನೋ. ಆ ವಾರವೇ ಚಿಟಗುಪ್ಪದ ಕಡೆಯವನೊಬ್ಬ ಬಂದೂಕು ತಂದ. ಇಂಥ ಕಾಲದಲ್ಲಿ ಬಂದೂಕು ಇದ್ದವನು ಅದನ್ನೇಕೆ ಮಾರುತ್ತಾನೆ ಎಂಬ ಪ್ರಶ್ನೆ ನನಗೆ ಹೊಳೆಯಲಿಲ್ಲ. ಬೇರೆ ಯಾವ ವ್ಯಾಪಾರದಲ್ಲಾದರೂ ನಾನು ಮೊದಲು ಕೇಳುತ್ತಿದ್ದದ್ದು ಅದನ್ನೇ.

ನಾನು ದನದ ದಲಾಲಿ. ಪರರ ದನ ಕಾಯುತ್ತ ಕೆಲಸ ಕಲಿತವನು. ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುತ್ತೇನೆ, ಮಾಲಕ ಮುಚ್ಚಿಟ್ಟ ಕುಂಟನ್ನು ನಡಿಗೆಯಲ್ಲೇ ಹಿಡಿಯುತ್ತೇನೆ. ಬಂದೂಕನ್ನೂ ಹಾಗೆಯೇ ನೋಡಿದೆ. ಅದು ಬಾಯಿಂದ ಮದ್ದು ತುಂಬುವ ಹಳೆಯ ಕಾಲದ್ದು. ಬಾಯೊಳಗೆ ಬೆರಳು ಹಾಕಿದೆ, ಬೆನ್ನಿನ ಮೇಲೆ ಕೈ ಆಡಿಸಿದೆ, ಎತ್ತಿ ತೂಕ ನೋಡಿದೆ. “ಹೆಗಲಿಗಿ ಹಾಕ್ಕೊಂಡು ಸ್ವಲ್ಪ ನಡದು ತೋರ್ಸು,” ಎಂದೆ. ಅವನು ನನ್ನ ಮುಖವನ್ನೇ ನೋಡುತ್ತ ನಡೆದು ತೋರಿಸಿದ. ನಡಿಗೆ ಚೆನ್ನಾಗಿತ್ತು. ಹಾರಿಸಿ ಮಾತ್ರ ನೋಡಲಿಲ್ಲ. ಸದ್ದಾದರೆ ಊರಿಗೆಲ್ಲ ಗೊತ್ತಾಗುತ್ತದೆ, ಹಾರಿಸಲು ಮದ್ದೂ ಇರಲಿಲ್ಲ. ಕೊಂಡ ದನದ ಕೊಂಬಿನ ಬುಡದಲ್ಲಿ ಗುರುತು ಕೆತ್ತುವುದು ನನ್ನ ಪದ್ಧತಿ. ಬಂದೂಕಿನ ಹಿಡಿಯ ಅಡಿಯಲ್ಲೂ ಅದೇ ಗುರುತು ಕೆತ್ತಿ, ಮೇವಿನ ಕೆಳಗೆ ಹೂತಿಟ್ಟೆ.

ನನ್ನ ಮನೆಯ ಹಿತ್ತಿಲಿಗೂ ಪಕ್ಕದ ಮನೆಯ ಹಿತ್ತಿಲಿಗೂ ನಡುವೆ ಒಂದೇ ಮಣ್ಣಿನ ಗೋಡೆ. ಆಚೆ ಕಡೆ ಇದ್ದವನೂ ದನದ ದಲಾಲಿಯೇ, ಮುಸಲ್ಮಾನ. ಅವನ ಹಿರಿಯರು ಆ ಓಣಿಯಲ್ಲಿ ನಮ್ಮ ಹಿರಿಯರಿಗಿಂತ ಮೊದಲಿನಿಂದ ಇದ್ದವರು. ಹುಮನಾಬಾದಿನ ಸಂತೆಗೆ ಇಬ್ಬರೂ ಒಂದೇ ಬಂಡಿಯಲ್ಲಿ ಹೋಗುತ್ತಿದ್ದೆವು. ಹಾದಿಯುದ್ದಕ್ಕೂ ಜಗಳ, ಸಂತೆಯಲ್ಲಿ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಗೋರ್ಟಾದ ಸುದ್ದಿ ಬಂದ ಮೇಲೆ ಬಂಡಿ ಎರಡಾದವು. ಯಾರೂ ಏನೂ ಅನ್ನಲಿಲ್ಲ. ಒಂದು ಸಲ ಗೋಡೆಯಾಚೆಯಿಂದ ಎಳ್ಳೆಣ್ಣೆಯ ವಾಸನೆ ಬಂತು. ಅವರ ಮನೆಯಲ್ಲಿ ಎಳ್ಳೆಣ್ಣೆಯ ಅಡುಗೆ ಮಾಡುವುದಿಲ್ಲ ಎಂಬುದು ನನಗೆ ಗೊತ್ತು. ಬಂದೂಕಿನ ಕಬ್ಬಿಣಕ್ಕೆ ಹಚ್ಚುತ್ತಿದ್ದಾನೆ ಎಂದುಕೊಂಡೆ. ನಾನು ಮೇವು ಎಳೆದು ಮುಚ್ಚುವ ಸದ್ದಿಗೆ ಅವನು ಏನೆಂದುಕೊಂಡನೋ, ಆಗ ತಿಳಿಯಲಿಲ್ಲ.

ಆಮೇಲೆ ಹಿಂದುಸ್ತಾನದ ಮಿಲಿಟರಿ ಬಂತು. ನಿಜಾಮನ ಕಾಲ ಹೋಯಿತು, ಹೆದರಿಕೆ ಹೋಗಲಿಲ್ಲ; ಗೋಡೆ ದಾಟಿ ಆಚೆ ಮನೆಗೆ ಹೋಯಿತು. ಸುತ್ತಲಿನ ಹಳ್ಳಿಗಳಲ್ಲಿ ಸೇಡು ಶುರುವಾಗಿದೆ, ಯಾರೋ ಓಡಿಹೋದರು, ಯಾರೋ ಓಡಲಾಗಲಿಲ್ಲ ಎಂಬ ಸುದ್ದಿಗಳು. ಮುಂದಿನ ಓಣಿಯಲ್ಲಿ ಒಂದೊಂದೇ ಮನೆಗೆ ಬೀಗ ಬಿತ್ತು. ಆಗಲೇ ಡಂಗುರ ಸಾರಿದರು: ಬಂದೂಕು, ಕತ್ತಿ, ಭರ್ಚಿ ಇದ್ದವರು ತಾವಾಗಿ ಕಚೇರಿಗೆ ತಂದು ಒಪ್ಪಿಸಬೇಕು, ಆಮೇಲೆ ಮನೆ ಹುಡುಕುತ್ತೇವೆ, ಸಿಕ್ಕವನು ಜೈಲಿಗೆ.

ಡಂಗುರದವನು ಹೋದ ಮೇಲೆ ಆಚೆ ಮನೆಯ ಮುದುಕಿ, ಅಂದರೆ ಅವನ ತಾಯಿ, ಬಾವಿಕಟ್ಟೆಯಲ್ಲಿ ನನ್ನ ಹೆಂಡತಿಗೆ ಹೇಳಿದಳಂತೆ: “ಮಗಾ ಹೈದ್ರಾಬಾದಿಗಿ ಹೋಗೂಣು ಅನ್ಲಿಕತ್ತಾನವ್ವಾ. ನಾ ಬರಲ್ಲ ಅಂದೀನಿ. ಈ ವಯಸ್ನಾಗ ಹೊಸಾ ಊರಿನ ಬಾವಿ ಹಗ್ಗಾ ಯಾರ್ ಜಗ್ತಾರ?” ನನ್ನ ಹೆಂಡತಿ ಆ ದಿನ ಬೆಕ್ಕನ್ನು ಬಿಟ್ಟು ನೇರ ನನಗೇ ಹೇಳಿದಳು: “ಅವ್ರು ಹೋದ್ರ ಆ ಮನಿಗಿ ಯಾರ್ ಬರ್ತಾರ, ಗೊತ್ತದ ನಿಮಗ?” ನನಗೆ ಗೊತ್ತಿರಲಿಲ್ಲ. ಪರಿಚಯದ ಬಂದೂಕು ಹೋಗಿ ಪರಿಚಯವಿಲ್ಲದ ಬಂದೂಕು ಬಂದರೆ ನನ್ನ ಎಮ್ಮೆ ದಂಡ.

ಡಂಗುರವನ್ನು ನಾನು ನಂಬಲಿಲ್ಲ, ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಚಳವಳಿಯ ಹುಡುಗರು ಕೊಡಂಬಲದ ಕಡೆ ಹಳ್ಳದ ದಂಡೆಯ, ಹೆಂಡ ಇಳಿಸುವ ಶಿಂದಿ ಗಿಡಗಳನ್ನು ಕಡಿದಿದ್ದರು. ಶಿಂದಿ ನಿಂತರೆ ನಿಜಾಮನ ಬೊಕ್ಕಸಕ್ಕೂ ಪೆಟ್ಟು, ಕುಡಿಯುವವರ ಮನೆಗೂ ಸುಖ ಎಂದು ಅವರ ವಿಚಾರ. ಕುಡಿಯುವುದು ನಿಲ್ಲಲಿಲ್ಲ. ಮೊದಲು ಗಿಡದ ಕೆಳಗೆ ನಾಲ್ಕು ಜನರ ಎದುರು ಕುಡಿದು ಹಾಡುತ್ತ ಬರುತ್ತಿದ್ದವರು, ಈಗ ದೂರದಿಂದ ಗಡಿಗೆಯಲ್ಲಿ ತರಿಸಿ ಬಾಗಿಲು ಹಾಕಿಕೊಂಡು ಕುಡಿದರು. ಹೊರಗಿದ್ದಾಗ ಯಾರು ಎಷ್ಟು ಕುಡಿದ ಎಂದು ಊರಿಗೆ ಗೊತ್ತಿತ್ತು. ಒಳಗೆ ಹೋದ ಮೇಲೆ ಅವನ ಹೆಂಡತಿಗೆ ಮಾತ್ರ. ಬಂದೂಕೂ ಹೀಗೆಯೇ ಇನ್ನಷ್ಟು ಒಳಗೆ ಹೋಗುತ್ತದೆ ಎಂದುಕೊಂಡೆ. ಹೋಯಿತು ಕೂಡ. ಡಂಗುರದ ಮಾರನೆಯ ದಿನ ನಮ್ಮ ಓಣಿಯಲ್ಲಿ ಕಚೇರಿಯ ಕಡೆ ಒಬ್ಬನೂ ನಡೆಯಲಿಲ್ಲ. ಹಿತ್ತಿಲು ಅಗೆಯುವ ಸದ್ದು ಮಾತ್ರ ಹೆಚ್ಚಾಯಿತು. ಎಲ್ಲರೂ ಪಕ್ಕದವನು ಮೊದಲು ಹೋಗಲಿ ಎಂದು ಕಾಯುತ್ತಿದ್ದರು.

ಇಬ್ಬರೂ ಕೂಡಿಯೇ ಒಪ್ಪಿಸುವ ಮಾತನ್ನು ಗೋಡೆಯಾಚೆಯವನೊಡನೆ ಆಡಬೇಕೆಂದುಕೊಂಡೆ. ಕಲ್ಯಾಣಿಯಲ್ಲಿ ನಾವಿಬ್ಬರು ನಿಂತು ಮಾತಾಡಿದರೆ ಹತ್ತು ಕಿಟಕಿ ತೆರೆಯುತ್ತಿದ್ದವು. ಆದ್ದರಿಂದ ಹುಮನಾಬಾದಿನ ಸಂತೆಯ ದಿನಕ್ಕೆ ಕಾದೆ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರೂ ಕೈ ಹಿಡಿದು, ಮೇಲೆ ಶಲ್ಯ ಹೊದಿಸಿ, ಒಳಗೆ ಬೆರಳು ಅಮುಕಿ ಹೇಳುತ್ತೇವೆ. ಶಲ್ಯದ ಮೇಲೆ ಬಾಯಿ ಏನನ್ನಾದರೂ ಅನ್ನಬಹುದು, ಸುತ್ತ ನಿಂತವರಿಗಾಗಿ ಅನ್ನಲೇಬೇಕು. ಆದರೆ ಕೆಳಗೆ ಬೆರಳು ಹೇಳಿದ್ದನ್ನು ತಿರುಗಿಸುವಂತಿಲ್ಲ. ತಿರುಗಿಸಿದವನ ಕೈಯನ್ನು ಸಂತೆಯಲ್ಲಿ ಮತ್ತೆ ಯಾರೂ ಹಿಡಿಯುವುದಿಲ್ಲ. ಅವನು ಬೇರೆ ಕಸುಬು ನೋಡಿಕೊಳ್ಳಬೇಕು. ಅವನ ಮಾತನ್ನು ನಾನು ನಂಬುತ್ತಿರಲಿಲ್ಲ, ನನ್ನದನ್ನು ಅವನು ನಂಬುತ್ತಿರಲಿಲ್ಲ. ಬೆರಳನ್ನು ಮಾತ್ರ ಇಬ್ಬರೂ ನಂಬುತ್ತಿದ್ದೆವು.

ಒಂದು ದೊಡ್ಡ ಎಮ್ಮೆಯ ಮಗ್ಗುಲಲ್ಲಿ ಅವನು ಒಬ್ಬನೇ ನಿಂತಿದ್ದ.

“ಬರ್ರಿ ದಲಾಲ್ರ, ಒಂದ್ ವ್ಯಾಪಾರ ಅದ,” ಎಂದೆ.

“ಎತ್ತಿಂದೋ, ಎಮ್ಮಿದೋ?”

“ಮೇವ್ ತಿನ್ನಲಾರದ್ದು. ಮೇವಿನ ಕೆಳಗ ಮಲಗ್ತದ.”

ಅವನ ಕಣ್ಣು ಸಣ್ಣಗಾಯಿತು. ಸುತ್ತ ನೋಡಿ ಶಲ್ಯ ತೆಗೆದು ನಮ್ಮ ಕೈಗಳ ಮೇಲೆ ಎಸೆದ.

“ನಿಮ್ ಕೊಟ್ಟಿಗ್ಯಾಗ ಎಷ್ಟ್ ಅದಾವ?” ಎಂದು ಗಟ್ಟಿಯಾಗಿ ಕೇಳಿದೆ.

“ನಮ್ಮಲ್ಲಿ ಎಲ್ಲೀವು ಭಾಯ್! ಎಲ್ಲಾ ಖಾಲಿ ಮಾಡಿ ಕುಂತೀನಿ,” ಎಂದ ಅವನು, ಇನ್ನೂ ಗಟ್ಟಿಯಾಗಿ. ಶಲ್ಯದ ಕೆಳಗೆ ಅವನ ಬೆರಳು ಎರಡು ಎಂದಿತು.

ನಾನು ಒಂದು ಎಂದುಕೊಂಡಿದ್ದೆ. ನನ್ನ ಉತ್ತರವಾಗಿ ಒಂದು ಬೆರಳು ಕೊಟ್ಟೆ. ಅವನು ಅದನ್ನು ತಡವಿ, ಪಕ್ಕದ ಬೆರಳುಗಳನ್ನೂ ಒಂದೊಂದಾಗಿ ತಡವಿ ನೋಡಿದ. ನನ್ನಲ್ಲಿ ಮೂರಿವೆ ಎಂದು ಅವನ ತಾಯಿ ಹೇಳಿದ್ದಳಂತೆ, ಮೇವು ಎಳೆಯುವ ಸದ್ದಿನ ಮೇಲೆ ಅಂದಾಜು ಮಾಡಿ.

ಅಷ್ಟರಲ್ಲಿ ಎಮ್ಮೆಯ ಆಚೆ ಮಗ್ಗುಲಿನಿಂದ ಒಂದು ರುಮಾಲು ಎದ್ದಿತು. “ಏ ದಲಾಲ್ರ! ಇದು ನನ್ ಎಮ್ಮಿ. ಮಾಲಕ ಇಲ್ಲೇ ಜೀಂವ ಹಿಡ್ಕೊಂಡು ನಿಂತೀನಿ, ನನ್ ಬಿಟ್ಟು ನೀವಿಬ್ರೇ ಏನ್ ಕಿಮ್ಮತ್ ಕಟ್ಲಿಕತ್ತೀರಿ?”

“ಇದ್ರದ್ದಲ್ರಿ ಕಾಕಾ, ಬ್ಯಾರೇದರದು.”

“ಬ್ಯಾರೇದು ಎಲ್ಲದ? ತೋರಸ್ರಿ.”

“ಮನ್ಯಾಗ ಅದ.”

“ಮನ್ಯಾಗಿಂದರ ವ್ಯಾಪಾರ ನನ್ ಎಮ್ಮಿ ಬೆನ್ನಿಗಿ ಆತ್ಕೊಂಡು ಮಾಡ್ತೀರಿ? ನಿಮ್ ಶಲ್ಯ ನೋಡಿ ಎಮ್ಮಿ ಮಾರ್ಯಾದ ಅಂತ ನನ್ ಗಿರಾಕಿ ಎಲ್ಲಾ ಹೋಗ್ಲಿಕತ್ತಾರ!”

“ನಿಮ್ ಎಮ್ಮಿ ಅಷ್ಟ್ ಛಲೋ ಅದ ಅಂತೇ ಅದ್ರ ನೆರಳಿಗಿ ನಿಂತೀವಿ,” ಎಂದ ನನ್ನ ನೆರೆಯವನು.

“ಹಂಗಾರ ನೆರಳಿನ ಬಾಡಗಿ ಕೊಡ್ರಿ!”

ಶಲ್ಯ ತೆಗೆಯದೆ, ಕೈ ಬಿಡದೆ, ಏಡಿಯ ಹಾಗೆ ಅಡ್ಡಡ್ಡ ನಡೆದು ಒಂದು ಬೇವಿನ ಗಿಡದ ಕೆಳಗೆ ಬಂದೆವು. ಒಂದಕ್ಕೆ ಒಂದು ಕಚೇರಿಗೆ ಕೊಡೋಣ ಎಂದು ಅವನು. ಅವನವು ಎರಡೂ ಹೋಗಬೇಕು ಎಂದು ನಾನು. ನಮ್ಮಿಬ್ಬರ ಬೆರಳೂ ದಣಿದವು. ಕೊನೆಗೆ ಅವನು ತಗ್ಗಿದ ದನಿಯಲ್ಲಿ ಬಾಯಿಬಿಟ್ಟು ಹೇಳಿದ: “ಎರಡೂ ಕೊಟ್ಟ ಮ್ಯಾಲ ಯಾರರೆ ಬಂದ್ರ ನಾ ಎಲ್ಲಿ ಓಡ್ಲಿ? ನನ್ ಮನಿಗಿ ಮುಂದಿನ ಬಾಗಿಲಾ ಒಂದೇ. ಹಿಂದ ನಿನ್ ಗೋಡಿ. ಅದರಾಗ ಹೊಕ್ಕೊಂಡು ಹೋಗ್ಲಿಕ್ಕ ನಾ ಏನ್ ಹಲ್ಲಿನಾ?”

“ಗೋಡ್ಯಾಗ ಬಾಗಿಲಾ ಇಡೂಣು,” ಎಂದೆ.

ಬಾಗಿಲು ಓಡಿಬರಲೂ ಆಗುತ್ತದೆ, ನುಗ್ಗಲೂ ಆಗುತ್ತದೆ. ಇಬ್ಬರೂ ಅದನ್ನೇ ಯೋಚಿಸುತ್ತಿದ್ದೆವು. ಆಮೇಲೆ ಅವನು ಬೆರಳು ಅಮುಕಿದ.

ಮರುದಿನ ಗೋಡೆ ಒಡೆದೆವು. ನನ್ನ ಕೊಟ್ಟಿಗೆಯ ಹಳೆಯ ಬಾಗಿಲನ್ನು ಬಡಗಿ ಕೂಡಿಸಿದ. ಚಿಲಕ ಯಾವ ಕಡೆಗೆ ಎಂದು ಕೇಳಿದ. ನನ್ನ ಕಡೆಗೆ ಎಂದೆ. ಬಾಗಿಲು ನನ್ನದು. ತನ್ನ ಕಡೆಗೆ ಎಂದು ಅವನು, ಓಡಿಬರುವವನು ತಾನು ಎಂದು. ಎರಡೂ ಕಡೆ ಹಾಕು ಎಂದರೆ ಬಡಗಿ ನಕ್ಕುಬಿಟ್ಟ. ಅರ್ಧ ದಿನ ಹೀಗೇ ಹೋಯಿತು. ಮುದುಕಿ ಕವಳ ಉಗುಳಿ ಬಂದು ಹೇಳಿದಳು: “ಚಿಲಕಾ ಹಾಕೋದಿದ್ರ ಗೋಡಿ ಯಾಕ ಒಡದ್ರೋ ಹುಚ್ಗೋಳ್ರ್ಯಾ? ಗೋಡಿಗಿಂತ ದೊಡ್ಡ ಚಿಲಕಾ ಎಲ್ಲದ?” ಚಿಲಕವಿಲ್ಲದೆ ಬಾಗಿಲು ನಿಂತಿತು.

ಇನ್ನು ಕಚೇರಿಗೆ ಹೋಗಬೇಕು. ನಾನು ಮುಂದೆ ಹೋದರೆ ಅವನು ಹಾದಿಯಲ್ಲಿ ಹಿಂದಿರುಗಬಹುದು. ಅವನು ಮುಂದೆ ಹೋದರೆ ನಾನು. ಆದ್ದರಿಂದ ಅದಲುಬದಲು ಮಾಡಿಕೊಂಡೆವು. ಅವನ ಎರಡು ಬಂದೂಕು ನನ್ನ ಹೆಗಲ ಮೇಲೆ, ನನ್ನದು ಅವನ ಹೆಗಲ ಮೇಲೆ. ಓಣಿಯ ಕಿಟಕಿಗಳೆಲ್ಲ ತೆರೆದವು. ನಾವು ಒಬ್ಬರನ್ನೊಬ್ಬರು ಸೆರೆ ಹಿಡಿದುಕೊಂಡು ಹೋಗುತ್ತಿದ್ದೇವೆ ಎಂದು ಕೆಲವರು ತಿಳಿದರಂತೆ, ಕೂಡಿ ಎಲ್ಲಿಗೋ ದಾಳಿಗೆ ಹೊರಟಿದ್ದೇವೆಂದು ಇನ್ನು ಕೆಲವರು.

ಕಚೇರಿಯ ಅಂಗಳದಲ್ಲಿ ಒಬ್ಬ ಸಿಪಾಯಿ ನೆರೆಯವನ ಎರಡನ್ನೂ ನೋಡಿ ತಲೆಯಾಡಿಸಿ ಬದಿಗಿಟ್ಟ. ನನ್ನದನ್ನು ತೆಗೆದುಕೊಂಡು ಗುಂಡು ಹಾರಿಸುವ ಕುದುರೆ ಎಳೆದ. ಎಳೆದದ್ದು ಎಳೆದ ಹಾಗೇ ಕೈಗೆ ಜೋತುಬಿತ್ತು. ಒಳಗಿನ ಸ್ಪ್ರಿಂಗು ಎಂದೋ ಮುರಿದಿತ್ತು. “ಯೆ ತೋ ಲಾಠೀ ಹೈ!” ಎಂದು ನಕ್ಕು ಅವನು ಅದನ್ನೂ ರಾಶಿಗೆ ಎಸೆದ. ನಾನು ರಸೀದಿ ಕೇಳಿದೆ. ಯಾವುದಕ್ಕೆ, ಲಾಠಿಗೋ ಎಂದು ಮತ್ತೆ ನಕ್ಕ; ರಸೀದಿ ಕೊಡಲಿಲ್ಲ.

ನನ್ನ ನೆರೆಯವನು ನಗಲಿಲ್ಲ. ನನ್ನನ್ನು ನೋಡಿದ, ಅಷ್ಟೆ. ಅವನ ಮನಸ್ಸಿನಲ್ಲಿ ಏನು ನಡೆದಿದೆ ಎಂದು ನನಗೆ ಬೆರಳು ಹಿಡಿಯದೆಯೂ ತಿಳಿಯಿತು: ಇವನು ಸತ್ತ ಬಂದೂಕು ಕೊಟ್ಟು ನನ್ನ ಎರಡು ಜೀವಂತ ಬಂದೂಕು ಹೊರಗೆ ಹಾಕಿಸಿದ, ಅಸಲಿಯನ್ನು ಮನೆಯಲ್ಲೇ ಇಟ್ಟಿದ್ದಾನೆ, ಮೇಲಾಗಿ ಚಿಲಕವಿಲ್ಲದ ಬಾಗಿಲು. ಅವನ ಜಾಗದಲ್ಲಿದ್ದರೆ ನಾನೂ ಹಾಗೇ ಎಣಿಸುತ್ತಿದ್ದೆ. ಮನೆಗೆ ಬಂದ ಮೇಲೆ ಆ ಬಾಗಿಲಿನ ಹಿಂದೆ ಜೋಳದ ಚೀಲ ಎಳೆಯುವ ಸದ್ದು ಕೇಳಿತು. ಮಧ್ಯಾಹ್ನ ಅವನ ಮುಂಬಾಗಿಲಿಗೆ ಬಂಡಿ ಬಂದು ನಿಂತಿತು. ಮುದುಕಿ ಅಳುತ್ತಿದ್ದಳು.

ನಾನು ಬಾಗಿಲು ಬಡಿದೆ. “ಹುಡುಕ್ರಿ ಬರ್ರಿ. ಪೂರಾ ಮನಿ ಹುಡುಕ್ರಿ,” ಎಂದೆ.

ಚೀಲ ಸರಿಯಿತು. ಅವನು ಬಂದ, ಹಿಂದೆ ಅವನ ತಾಯಿ. ಮೇವು ಕೆದರಿದರು, ಕಾಳಿನ ಗುಮ್ಮಿಯೊಳಗೆ ಕೋಲು ಹಾಕಿದರು, ಅಟ್ಟ ಹತ್ತಿದರು. ಏನೂ ಸಿಗಲಿಲ್ಲ. ಸಿಗದಿದ್ದದ್ದು ಇನ್ನೂ ಕೆಟ್ಟದಾಯಿತು. “ಹೊಲ್ದಾಗ ಇಟ್ಟಿರ್ತಿ,” ಎಂದ.

ಆಗ ನನ್ನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತಳು. “ಭಾಯ್, ಇಲ್ಲಿ ಬರ್ರಿ. ಈ ಗೂಟಕ್ಕ ಏನಿತ್ತು?”

ಅವನು ಗೂಟ ನೋಡಿದ. ಬರಿದಾಗಿತ್ತು. “ಎರಡ್ನೇ ಸೂಲಿನ ಎಮ್ಮಿ ಇತ್ತು. ಮಾರೀರಿ ಅಂತ ತಿಳ್ದಿದ್ದೆ.”

“ಆ ಲಾಠಿಗಿ ಕೊಟ್ರು. ಕರಾನೂ ಕೊಟ್ರು. ಅದು ಹಾರಲ್ಲಂತ ಗೊತ್ತಿದ್ರ ಈ ಮನ್ಷಾ ಒಂದ್ ಹಿಡಿ ಹೊಟ್ಟರೆ ಕೊಡ್ತಿದ್ನೇನು?”

ನೆರೆಯವನು ಗೂಟ ನೋಡಿದ, ನನ್ನನ್ನು ನೋಡಿದ. ಆ ಎಮ್ಮೆಗೆ ಅವನೇ ಎರಡು ಸಲ ಶಲ್ಯ ಹಾಕಿದ್ದ, ನಾನು ಕೊಟ್ಟಿರಲಿಲ್ಲ. “ಆ ಎಮ್ಮಿ?” ಎಂದ. “ಕರಾ ಸುದ್ದಾ? ನೀನು?” ಅವನ ಹೊಟ್ಟೆ ಕುಲುಕಿತು. “ಬಾಯಾಗ ಬೆರಳ್ ಹಾಕಿ ನೋಡಿದ್ದೇನು?”

“ನೋಡಿದ್ದೆ.”

“ನಡಸಿ?”

“ಅದನ್ನೂ.”

ಅವನು ಗೂಟ ಹಿಡಿದುಕೊಂಡು ಕೂತುಬಿಟ್ಟ. ಅಷ್ಟು ನಕ್ಕ. ಮುದುಕಿ ಹೊರಗೆ ಹೋಗಿ ಬಂಡಿಯವನಿಗೆ, “ನಡಿಯಪ್ಪ, ಸಾಮಾನು ಇಲ್ಲ,” ಎಂದು ಕಳಿಸಿಬಿಟ್ಟಳು. ಸಂತೆಯಲ್ಲಿ ಅವನು ನನ್ನನ್ನು “ಬಂದೂಕ್ ದಲಾಲ್” ಎಂದು ಕರೆಯತೊಡಗಿದ. ನಾನು ತಡೆಯಲಿಲ್ಲ. ಅವನು ಓಣಿಯಲ್ಲಿ ಉಳಿದದ್ದೇ ಆ ನಗೆಯಿಂದ.

ನಮ್ಮ ಹಿಂದೆ ಓಣಿಯವರೂ ಕಚೇರಿಗೆ ಹೋದರು, ಜೋಡಿಜೋಡಿಯಾಗಿ, ಒಬ್ಬರದನ್ನು ಇನ್ನೊಬ್ಬರು ಹೊತ್ತು.

ಮುಂದೆ ಐವತ್ತನೆಯ ಇಸವಿಯಲ್ಲಿ ಹುಮನಾಬಾದಿನ ಶಿಂದಿ ಗುತ್ತೇದಾರನ ಬಳಿ ಒಂದು ಎತ್ತಿನ ಮಾತಿಗೆ ಹೋಗಿದ್ದೆ. ರಾಜ್ಯ ಬದಲಾದರೂ ಶಿಂದಿಯ ಗುತ್ತಿಗೆ ಬದಲಾಗಿರಲಿಲ್ಲ. ಅವನ ಗಾದಿಯ ಹಿಂದೆ ಗೋಡೆಗೆ ಒಂದು ಬಂದೂಕು ತೂಗುತ್ತಿತ್ತು. ಹಿಡಿಯ ಅಡಿಯಲ್ಲಿ ನನ್ನ ದನದ ಗುರುತು.

“ಲೈಸನ್ಸ್ ಅದ,” ಎಂದ ಗುತ್ತೇದಾರ, ನಾನು ನೋಡುವುದನ್ನು ನೋಡಿ. “ಮಾಲಿನ ಕಾವಲಿಗಿ ಸರ್ಕಾರನೇ ಕೊಟ್ಟದ. ನೂರ್ ಮಾರು ದೂರ ಹೊಡೀತದ.”

“ಹೊಡೀತದ್ರಿ, ಹೊಡೀತದ,” ಎಂದೆ. ಆ ದಿನದ ಎತ್ತಿನ ಬೆಲೆಯಲ್ಲಿ ಅವನಿಗೆ ಸ್ವಲ್ಪ ಸೋಡಿ ಬಿಟ್ಟೆ, ಕನಿಕರದಿಂದ. ಊರಿಗೆ ಬಂದು ನೆರೆಯವನಿಗೆ ಹೇಳಿದರೆ ಮೊದಲು ನಕ್ಕ. ಆಮೇಲೆ, “ನಿಂದು ಅಲ್ಲಿ ಸಿಕ್ತು. ನನ್ನವು ಎರಡು ಎಲ್ಲಿ ಅವ?” ಎಂದ. ಹಾರುವ ಆ ಎರಡು ಬಂದೂಕುಗಳು ಯಾರ ಗಾದಿಯ ಹಿಂದೆ ಇವೆ ಎಂದು ನಮಗೆ ಇಂದಿಗೂ ತಿಳಿದಿಲ್ಲ. ಅದಕ್ಕೇ ಕಚೇರಿಯ ಮೇಲೆ ನನ್ನ ಸಂಶಯ ಪೂರ್ತಿ ಹೋಗಿಲ್ಲ, ಹೋಗಬೇಕೆಂದು ನನಗೆ ಅನಿಸುವುದೂ ಇಲ್ಲ.

ಸರಕಾರ ಶಿಂದಿ ಬಂದ್ ಮಾಡಬೇಕೇ, ಬಂದೂಕು ಬಂದ್ ಮಾಡಬೇಕೇ ಎಂದು ಕಟ್ಟೆಯ ಮೇಲೆ ವಾದ ಬಂದಾಗ ಜನ ನನ್ನನ್ನು ಕೇಳುತ್ತಾರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಎನ್ನುತ್ತೇನೆ. ಶಿಂದಿ ಗಿಡದ ಕೆಳಗೆ, ಎಲ್ಲರ ಕಣ್ಣೆದುರು, ಹೊತ್ತು ಗೊತ್ತು ಮಾಡಿ ಮಾರಲಿ. ಒಳಗೆ ದೂಡಿದರೆ ಕಾಣುವುದಿಲ್ಲ, ಕಾಣದ್ದನ್ನು ಯಾರೂ ತಡೆಯಲಾರರು. ಬಂದೂಕಿನ ಮಾತು ಬೇರೆ. ಅದು ಹಾರದೆಯೂ ಪಕ್ಕದ ಮನೆಗೆ ಬಂಡಿ ತರಿಸುತ್ತದೆ. ಅದು ಹೋಗಲೇಬೇಕು, ಆದರೆ ಗುತ್ತೇದಾರನದೂ ಹೋಗಬೇಕು. ಒಬ್ಬನಿಗೆ ಡಂಗುರ, ಇನ್ನೊಬ್ಬನಿಗೆ ಲೈಸನ್ಸ್ ಎಂದಾದರೆ ಜನ ಹಿತ್ತಿಲು ಅಗೆಯುತ್ತಾರೆ.

ನಿಮಗೆ ಹೇಳುವುದು ಇಷ್ಟು. ನಿಮ್ಮ ಊರಲ್ಲಿ ಯಾವತ್ತಾದರೂ ಒಪ್ಪಿಸಿ ಎಂದು ಡಂಗುರ ಬಂದರೆ ಒಬ್ಬರೇ ಹೋಗಬೇಡಿ. ನೀವು ಯಾರಿಗೆ ಹೆದರುತ್ತೀರೋ ಅವನನ್ನೇ ಕರೆದುಕೊಂಡು ಹೋಗಿ, ಅವನದನ್ನು ನೀವು ಹೊರಿ, ನಿಮ್ಮದನ್ನು ಅವನಿಗೆ ಹೊರಿಸಿ. ಹೋಗುವ ಮುನ್ನ ನಿಮ್ಮದು ಹಾರುತ್ತದೆಯೋ ಇಲ್ಲವೋ ಅವನ ಎದುರಿಗೇ ನೋಡಿಬಿಡಿ. ಕೊಟ್ಟದ್ದರ ಮೇಲೆ ನಿಮ್ಮ ಗುರುತು ಇರಲಿ. ರಸೀದಿ ಕೊಡದಿದ್ದರೂ ಮುಂದೆ ಎಲ್ಲಿ ತೂಗುತ್ತದೆ ಎಂದಾದರೂ ತಿಳಿಯುತ್ತದೆ. ಇನ್ನು ಪಕ್ಕದ ಮನೆಗೆ ಬಾಗಿಲು ಇಡಿಸುವ ಹೊತ್ತು ಬಂದರೆ, ಚಿಲಕ ಯಾವ ಕಡೆಗೆ ಎಂದು ಬಡಗಿ ಕೇಳುತ್ತಾನೆ. ಬೇಡ ಎನ್ನಿ. ಚಿಲಕದ ಕೂಲಿ ಕಡಿಮೆ ಮಾಡಿಕೋ ಎಂದೂ ಹೇಳಿ. ಮೊದಲು ಒಪ್ಪುವುದಿಲ್ಲ, ಎದ್ದು ಹೋಗುವವರ ಹಾಗೆ ಮಾಡಿದರೆ ಒಪ್ಪುತ್ತಾನೆ.